ಮನಸ್ಸಿನ ಭಾರ, ಮೈಯ ಆರೋಗ್ಯ

(ಜಾತ್ರಾ ಮಹೋತ್ಸವದ ಚಿಂತನಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಮಿಟಿಯವರು ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಲು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಡಾಕ್ಟರನಲ್ಲ, ಹತ್ತನೆಯ ಇಯತ್ತೆ ಓದಿದ ಅಂಗಡಿಕಾರ. ಆದರೆ ಅಂಗಡಿಯ ಕಟ್ಟೆಯ ಮೇಲೆ ಕುಳಿತವನಿಗೆ ಊರ ಮುಖಗಳು ಕಾಣುತ್ತವೆ. ಯಾರು ನಿದ್ದೆಗೆಟ್ಟಿದ್ದಾರೆ, ಯಾರು ದಿನಾ ತಲೆನೋವಿನ ಗುಳಿಗೆ ಕೇಳುತ್ತಾರೆ ಎಂಬುದು ತಿಳಿಯುತ್ತದೆ.

ಜತ್ತ ತಾಲೂಕಿನವರಿಗೆ ಚಿಂತೆ ಹೊಸದಲ್ಲ. 1972ರ ಬರಗಾಲವನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಅಂದು ಬಡವನೂ ಬಲ್ಲಿದನೂ ಬರಗಾಲದ ಕಾಮಗಾರಿಯ ಮೇಲೆ ಒಟ್ಟಿಗೆ ಕಲ್ಲು ಒಡೆದರು. ಹಸಿವು ಊರಿಗೆಲ್ಲ ಒಂದೇ ಆಗಿತ್ತು, ಅದನ್ನು ಮುಚ್ಚಿಡುವ ಕಾರಣವಿರಲಿಲ್ಲ. ಇಂದಿನ ಚಿಂತೆಯ ರೀತಿ ಬೇರೆ. ದ್ರಾಕ್ಷಿ ತೋಟದ ಸಾಲ, ದಾಳಿಂಬೆಗೆ ಬಿದ್ದ ರೋಗ, ನೀರು ಬಾರದ ಬೋರು, ಮಗಳ ಮದುವೆ, ಮಗನ ನೌಕರಿ. ಇವು ಒಬ್ಬೊಬ್ಬರ ಮನೆಯ ಚಿಂತೆಗಳು. ಮರ್ಯಾದೆಗೆ ಅಂಜಿ ಅವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತೇವೆ. ಚಿಂತೆಗಿಂತ ಹೀಗೆ ಮುಚ್ಚಿಡುವುದೇ ಹೆಚ್ಚು ಕೆಡುಕು ಮಾಡುತ್ತದೆ ಎಂಬುದೇ ನಾನು ಇಂದು ಹೇಳಬೇಕಾದ ಮಾತು.

ದಾರಿಯಲ್ಲಿ ಹಾವು ಕಂಡರೆ ಎದೆ ಹೊಡೆದುಕೊಳ್ಳುತ್ತದೆ, ಮೈ ಬೆವರುತ್ತದೆ. ಆ ಹೊತ್ತಿಗೆ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ಏರುತ್ತವೆ. ಓಡಿ ಪಾರಾಗಲು ಅವು ಬೇಕು. ಹಾವು ಹೋದ ಮೇಲೆ ಅವು ಇಳಿಯುತ್ತವೆ. ಆದರೆ ಸಾಲದ ಚಿಂತೆ ಹಾವಿನಂತೆ ಹರಿದು ಹೋಗುವುದಿಲ್ಲ. ತಿಂಗಳುಗಟ್ಟಲೆ ಹಾಗೆಯೇ ಉಳಿದರೆ ನಿದ್ದೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಅದು ಹತೋಟಿ ತಪ್ಪುತ್ತದೆ.

ನಮ್ಮ ಗಡಿಭಾಗದವರಿಗೆ ಇನ್ನೊಂದು ತೊಡಕೂ ಇದೆ. ಮಿರಜ, ಸಾಂಗಲಿಯ ದೊಡ್ಡ ದವಾಖಾನೆಗೆ ಹೋದ ನಮ್ಮ ಅಜ್ಜಿಗೆ ಮರಾಠಿಯಲ್ಲಿ ಮೊಣಕಾಲು ನೋವು ಹೇಳಲು ಬರುತ್ತದೆ, ಮನಸ್ಸಿನ ನೋವು ಹೇಳಲು ಬರುವುದಿಲ್ಲ. "ಏನಿಲ್ರೀ, ತಲಿ ನೋಯತೈತಿ" ಎಂದು ಗುಳಿಗೆ ತಂದುಬಿಡುತ್ತಾಳೆ. ಮನಸ್ಸಿನ ದುಃಖ ಹೊರಬರುವುದು ತಾಯಿನುಡಿಯಲ್ಲಿಯೇ.

ಕನ್ನಡ ನಾಡಿನಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೂ ಕಾರ್ಯಕರ್ತರಿಗೂ ಮನೋರೋಗಗಳ ತರಬೇತಿ ಕೊಟ್ಟರು. ಹಳ್ಳಿಯವರಿಗೆ ಊರ ಹತ್ತಿರವೇ ಉಪಚಾರ ಸಿಕ್ಕಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. ಅದೇ ಸಂಸ್ಥೆಯಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಆರೋಗ್ಯದ ಬಗ್ಗೆ ಸರಳ ಕನ್ನಡದಲ್ಲಿ ಅನೇಕ ಪುಸ್ತಕ ಬರೆದಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

ಇನ್ನು ನಾವು ಮಾಡಬೇಕಾದದ್ದು ಏನು?

ಮೊದಲನೆಯದು, ಚಿಂತೆಗೂ ಒಂದು ಖಾತೆ ಬರೆಯಿರಿ. ಉದ್ರಿ ಬರೆಯದಿದ್ದರೆ ರಾತ್ರಿಯೆಲ್ಲ ತಲೆಯಲ್ಲಿ ಲೆಕ್ಕ ತಿರುಗುತ್ತದೆ, ಬರೆದಿಟ್ಟರೆ ನಿದ್ದೆ ಬರುತ್ತದೆ. ಒಂದು ಬದಿಗೆ ನಾಳೆ ನಾವು ಮಾಡಬಹುದಾದ ಕೆಲಸ, ಇನ್ನೊಂದು ಬದಿಗೆ ನಮ್ಮ ಕೈಯಲ್ಲಿ ಇಲ್ಲದ ಮಳೆ ಮತ್ತು ಪೇಟೆಯ ಧಾರಣೆ. ಮೊದಲಿನ ಬದಿಯನ್ನು ಹಿಡಿದು ದುಡಿಯಿರಿ, ಎರಡನೆಯದನ್ನು ದೇವರಿಗೆ ಬಿಡಿರಿ.

ಎರಡನೆಯದು, ದಿನಕ್ಕೆ ಅರ್ಧ ತಾಸು ಬಿರುಸಾಗಿ ನಡೆಯಿರಿ. ಗುಡ್ಡಾಪುರದ ದಾನಮ್ಮನ ಗುಡಿಗೆ ನಡೆದು ಹೋಗಿ ಬಂದವರಿಗೆ ಅಂದಿನ ನಿದ್ದೆಯ ಸುಖ ಗೊತ್ತು. ಮನಸ್ಸು ಕಲಕಿದಾಗ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ ಎಳೆದು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿರಿ.

ಮೂರನೆಯದು, ಚಿಂತೆ ಕಳೆಯಲು ತಂಬಾಕು, ಸೆರೆ ಹಿಡಿಯಬೇಡಿರಿ. ತಂಬಾಕು ಎದೆಬಡಿತ ಏರಿಸುತ್ತದೆ, ಸೆರೆ ನಿದ್ದೆ ಕೆಡಿಸುತ್ತದೆ. ಮೇಲಿಂದ ಮೇಲೆ ತಲೆನೋವಿನ ಗುಳಿಗೆ ಬೇಕಾದರೆ ಅಂಗಡಿಗೆ ಬರಬೇಡಿರಿ, ದವಾಖಾನೆಗೆ ಹೋಗಿ ಬಿ.ಪಿ. ನೋಡಿಸಿರಿ. ಅದು 140/90 ದಾಟಿಯೇ ಇರುತ್ತಿದ್ದರೆ ಡಾಕ್ಟರರ ಮಾತು ಕೇಳಿರಿ, ಕೊಟ್ಟ ಔಷಧ ನಡುವೆ ಬಿಡಬೇಡಿರಿ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ಬಾಯಿ ಬಿಟ್ಟು ಹೇಳಿರಿ. ಹೆಂಡತಿಗೆ, ಅಣ್ಣನಿಗೆ, ಗೆಳೆಯನಿಗೆ. ಕೇಳುವವರೂ ಬುದ್ಧಿ ಹೇಳುವ ಅವಸರ ಮಾಡಬಾರದು, ಮೊದಲು ಪೂರ್ತಿ ಕೇಳಬೇಕು. ಯಾರಾದರೂ "ಇನ್ನು ಬದುಕಿ ಏನು ಮಾಡುವುದು" ಎಂದರೆ ಅದನ್ನು ನಗೆಯಾಡಿ ಬಿಡಬಾರದು. ಅವರನ್ನು ಒಂಟಿ ಬಿಡದೆ, ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿಗಳನ್ನು ಕೀಲಿ ಹಾಕಿಟ್ಟು, ಡಾಕ್ಟರರ ಬಳಿ ಕರೆದೊಯ್ಯಬೇಕು. ಕೇಂದ್ರ ಸರಕಾರವು 2022ರ ಅಕ್ಟೋಬರದಲ್ಲಿ ಟೆಲಿ ಮಾನಸ್ ಎಂಬ ಸೇವೆ ಆರಂಭಿಸಿದೆ. ಅದರ ಫೋನ್ ನಂಬರ್ 14416. ಹಗಲು ರಾತ್ರಿ ಯಾವಾಗಲೂ ಪುಕ್ಕಟೆ, ಕನ್ನಡದಲ್ಲಿಯೂ ಮಾತನಾಡಬಹುದು. ಈ ನಂಬರನ್ನು ಮನೆಯ ಗೋಡೆಗೆ ಬರೆದಿಡಿರಿ.

ಬಂಧುಗಳೇ, ಗುಡಿಯ ಕಟ್ಟೆ ಕಟ್ಟಿದ್ದು ಕಾಯಿ ಒಡೆಯಲು ಮಾತ್ರವಲ್ಲ, ಕೂಡಿ ಕುಳಿತು ಸುಖದುಃಖ ಮಾತನಾಡಲಿಕ್ಕೂ ಹೌದು. ಭಜನೆ ಮುಗಿದ ಮೇಲೆ ಅರ್ಧ ತಾಸು ಉಳಿಯಿರಿ. ಎರಡು ಸೋಮವಾರ ಕಾಣದವನ ಮನೆಗೆ ಹೋಗಿ "ಯಾಕಪ್ಪ, ಬರಲಿಲ್ಲ?" ಎಂದು ಕೇಳಿರಿ. ಆ ಒಂದು ಮಾತಿನಿಂದ ಒಂದು ಮನೆ ಉಳಿಯಬಹುದು.