ಹತ್ತು ಜನರ ಮುಂದೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲಿನಲ್ಲಿ ಒಮ್ಮೆ ನಮಗೆ ಬಯಸದೆಯೇ ಒಂದು ಅಧಿಕಾರ ದೊರೆಯಿತು. ಎದುರಿನ ಪೀಠದಲ್ಲಿ ಸುಶಿಕ್ಷಿತರಾದ ದಂಪತಿಗಳೂ ಅವರ ಮಗನೂ ಕುಳಿತಿದ್ದರು. ಕೆಂಗೇರಿ ದಾಟುವುದರೊಳಗಾಗಿ ಆ ಹುಡುಗನು ತಂದೆಯ ಹೆಗಲೇರಿ, ಸಾಮಾನಿನ ಹಲಗೆಯನ್ನು ಹಿಡಿದು ಜೋತಾಡಿ, ಯಾರದೋ ಚೀಲವೊಂದನ್ನು ಕೆಳಕ್ಕೆ ಕೆಡವಿದ್ದನು. ತಾಯಿ ಎರಡು ಸಲ ಹೆಸರು ಹಿಡಿದು ಕೂಗಿದರು. ಮೂರನೆಯ ಸಲ ನಮ್ಮ ಕಡೆಗೆ ಬೆರಳು ತೋರಿಸಿ, "ಸುಮ್ನೆ ಕೂತ್ಕೊ, ಆ ಮಾಮ ಬೈತಾರೆ ನೋಡು" ಎಂದರು. ನಮಗೆ ಬೈಯುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ನಾವು ನಮ್ಮ ಪಾಡಿಗೆ ಪತ್ರಿಕೆ ಓದುತ್ತಿದ್ದೆವು. ಆದರೂ ತಾಯಿಯ ಮಾತು ಸುಳ್ಳಾಗಬಾರದೆಂಬ ದಾಕ್ಷಿಣ್ಯದಿಂದ ಹುಬ್ಬು ಗಂಟಿಕ್ಕಿಕೊಂಡು ಪ್ರಯಾಣ ಮಾಡಬೇಕಾಯಿತು. ಹುಬ್ಬು ಗಂಟಿಕ್ಕಿಕೊಂಡು ಮದ್ದೂರಿನ ವಡೆಯನ್ನು ತಿನ್ನುವುದು ಎಷ್ಟು ಕಷ್ಟವೆಂಬುದು ಅಂದು ತಿಳಿಯಿತು.

ಮಂಡ್ಯದ ಬಳಿ ಟಿಕೆಟ್ ಪರೀಕ್ಷಕರು ಬಂದರು. ಐದು ವರ್ಷ ತುಂಬದ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ ಬೇಕಿಲ್ಲ, ತುಂಬಿದವರಿಗೆ ಬೇಕು. ಈ ಹುಡುಗನೋ, ತಾನು ಒಂದನೆಯ ತರಗತಿಯಲ್ಲಿ ಓದುವುದನ್ನು ರಾಮನಗರದಲ್ಲಿಯೇ ಪಕ್ಕದವರಿಗೆ ಹೆಮ್ಮೆಯಿಂದ ಹೇಳಿಯಾಗಿತ್ತು. ಪರೀಕ್ಷಕರು ವಯಸ್ಸು ಕೇಳಿದಾಗ ತಂದೆ "ನಾಲ್ಕೂವರೆ" ಎಂದರು. ಹುಡುಗನು ಬಾಯಿ ತೆರೆದನು. ತಾಯಿ ಅವನ ತೊಡೆಯನ್ನು ಮೆಲ್ಲನೆ ಒತ್ತಿದರು. ಆಗ ಅವನು ತಂದೆಯ ಮುಖವನ್ನಾಗಲಿ ಪರೀಕ್ಷಕರ ಮುಖವನ್ನಾಗಲಿ ನೋಡಲಿಲ್ಲ. ನಮ್ಮ ಮುಖವನ್ನು ನೋಡಿದನು. ಬೈಯುವ ಮಾಮ ನಾವೇ ಅಲ್ಲವೆ? ನಾವು ಕಿಟಕಿಯಾಚೆಯ ಕಬ್ಬಿನ ಗದ್ದೆಗಳನ್ನು ನೋಡತೊಡಗಿದೆವು.

ಈ ಪ್ರಸಂಗವನ್ನು ಹೇಳಿದ್ದು ಆ ದಂಪತಿಗಳನ್ನು ಹಳಿಯುವುದಕ್ಕಲ್ಲ. ನಗರವಾಸಿಗಳಾದ ನಾವೆಲ್ಲರೂ ಹೆಚ್ಚುಕಡಮೆ ಹೀಗೆಯೇ ಮಕ್ಕಳನ್ನು ತಿದ್ದುತ್ತೇವೆ. ಹೋಟೆಲಿನಲ್ಲಿಯೋ ಮದುವೆಯ ಛತ್ರದಲ್ಲಿಯೋ ಮಗು ನೀರಿನ ಲೋಟವನ್ನು ಉರುಳಿಸಿತೆನ್ನಿ. ನಾವು ಮೊದಲು ಮಗುವನ್ನು ನೋಡುವುದಿಲ್ಲ, ಸುತ್ತಲೂ ನೋಡುತ್ತೇವೆ. ಎಷ್ಟು ಕಣ್ಣುಗಳು ನಮ್ಮ ಕಡೆಗೆ ತಿರುಗಿವೆಯೋ ಅದಕ್ಕೆ ತಕ್ಕಂತೆ ನಮ್ಮ ಕೋಪವೂ ಏರುತ್ತದೆ. ಅದೇ ಲೋಟ ಮನೆಯಲ್ಲಿ ಉರುಳಿದರೆ "ಹೋಗಲಿ ಬಿಡು" ಎಂದು ಬಟ್ಟೆ ತಂದು ಒರೆಸುತ್ತೇವೆ. ಲೋಟವೂ ಒಂದೇ, ನೀರೂ ಒಂದೇ, ಮಗುವೂ ಒಂದೇ. ಬೇರೆಯಾದದ್ದು ನೋಡುವವರ ಸಂಖ್ಯೆ ಮಾತ್ರ. ಶಿಕ್ಷೆ ಬೀಳುವುದು ಮಗುವಿನ ಬೆನ್ನಿನ ಮೇಲೆ. ಆದರೆ ಅದನ್ನು ಕೊಡುವುದು ನೆರೆದವರಿಗೆ ತೋರಿಸುವುದಕ್ಕಾಗಿ, "ನಾವು ಮರ್ಯಾದಸ್ಥರು, ಮಗುವನ್ನು ಹದ್ದಿನಲ್ಲಿ ಇಟ್ಟಿದ್ದೇವೆ" ಎಂದು ಅವರಿಗೆ ತಿಳಿಸುವುದಕ್ಕಾಗಿ.

ಹಿಂದೆಯೂ ಹೀಗೆಯೇ ಇರಲಿಲ್ಲವೆ ಎಂದು ಯಾರಾದರೂ ಕೇಳಬಹುದು. ನಾವು ಬೆಳೆದದ್ದು ಸಣ್ಣ ಊರಿನ ಒಂದು ವಠಾರದಲ್ಲಿ. ಎಂಟು ಮನೆ, ಒಂದು ಬಾವಿ. ನಾವು ಬಾವಿಯ ಕಟ್ಟೆ ಹತ್ತಿದರೆ ನಮ್ಮ ತಾಯಿಯೇ ಬಂದು ಗದರಿಸಬೇಕೆಂಬ ನಿಯಮವಿರಲಿಲ್ಲ. ಮೂರನೆಯ ಮನೆಯ ಅಜ್ಜಿ ಕಿವಿ ಹಿಂಡಿ ಇಳಿಸುತ್ತಿದ್ದಳು. ತಾಯಿಗೆ ಅದರಿಂದ ಅವಮಾನವಾಗುತ್ತಿರಲಿಲ್ಲ. ಕಿವಿ ಹಿಂಡಿದ ಕೈಯೇ ಸಂಜೆ ಕೊಬ್ಬರಿ ಬೆಲ್ಲವನ್ನು ಕೊಡುತ್ತಿತ್ತು. ಆ ಹಕ್ಕನ್ನು ಅವಳು ಬೆಲ್ಲ ಕೊಟ್ಟು ಸಂಪಾದಿಸಿದ್ದಳು. ವಠಾರವೆಲ್ಲ ಸ್ವರ್ಗವಾಗಿತ್ತೆಂದು ನಾವು ಹೇಳುವುದಿಲ್ಲ. ಅಲ್ಲಿ ಚಾಡಿಯೂ ಇತ್ತು, ಪೆಟ್ಟೂ ಧಾರಾಳವಾಗಿತ್ತು. ಆದರೆ ನಮ್ಮನ್ನು ನೋಡುತ್ತಿದ್ದವರು ನಮ್ಮನ್ನು ಬಲ್ಲವರು. ಈಗ ಅದೇ ಅಜ್ಜಿ ಬಹುಮಹಡಿಯ ಕಟ್ಟಡವೊಂದರಲ್ಲಿ ನೆರೆಮನೆಯ ಮಗುವಿನ ಕಿವಿ ಮುಟ್ಟಿದರೆ ಸಂಜೆಯೊಳಗೆ ಜಗಳವಾಗುತ್ತದೆ. ಹೀಗೆ ತಿದ್ದುವ ಹಕ್ಕನ್ನು ಹೊರಗಿನವರಿಂದ ಕಿತ್ತುಕೊಂಡೆವು. ತೀರ್ಪು ಹೇಳುವ ಹಕ್ಕನ್ನು ಮಾತ್ರ ಅವರಲ್ಲಿಯೇ ಬಿಟ್ಟೆವು. ಹಿಂದೆ ಅಜ್ಜಿಯಾಗಿದ್ದವಳು ಈಗ ಪ್ರೇಕ್ಷಕಳಾಗಿದ್ದಾಳೆ.

ಪೆಟ್ಟಿಗೆ ಒಪ್ಪದ ಸುಶಿಕ್ಷಿತರು ಈಚೆಗೆ ಮತ್ತೊಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಹೋಟೆಲಿನಲ್ಲಿ ಕುಳಿತೊಡನೆ, ನೀರು ಬರುವುದಕ್ಕೆ ಮೊದಲೇ, ಮಗುವಿನ ಮುಂದೆ ಮೊಬೈಲು ಬಂದು ನಿಲ್ಲುತ್ತದೆ. ಮಗು ಅಲುಗಾಡುವುದಿಲ್ಲ, ಮಾತಾಡುವುದಿಲ್ಲ, ಬಾಯಿಗೆ ಇಟ್ಟದ್ದು ದೋಸೆಯೋ ಇಡ್ಲಿಯೋ ಅದಕ್ಕೆ ತಿಳಿಯುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳನ್ನು ಇಂತಹ ಪರದೆಗಳ ಮುಂದೆ ಕೂರಿಸಲೇಬಾರದೆಂದೂ, ನಾಲ್ಕರವರೆಗಿನ ಮಕ್ಕಳಿಗೆ ದಿನಕ್ಕೆ 1 ಗಂಟೆಗೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೇಳಿತು. ಕಣ್ಣಿನ ವಿಚಾರ, ನಿದ್ರೆಯ ವಿಚಾರ ವೈದ್ಯರಿಗಿರಲಿ. ನಮಗೆ ಕಾಣುವುದು ಇಷ್ಟು: ಹತ್ತು ಜನರ ನಡುವೆ ಕುಳಿತಿರುವುದನ್ನು ಕಲಿಯಬೇಕಾದ ಮಗುವನ್ನು ಆ ಹತ್ತು ಜನರಿಂದಲೇ ಮರೆಮಾಡಿಬಿಟ್ಟೆವು. ಇಲ್ಲಿಯೂ ಮೆಚ್ಚಿಸುವುದು ಪಕ್ಕದ ಮೇಜಿನವರನ್ನೇ.

ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕಿನ ಕಾಯಿದೆಯು ನಿಷೇಧಿಸಿತು. ಸ್ವೀಡನ್ ದೇಶವು 1979ರಲ್ಲಿಯೇ ತಾಯಿತಂದೆಗಳ ಕೈಯನ್ನೂ ಕಟ್ಟಿತು. ಆದರೆ ನಾವು ಹೇಳುತ್ತಿರುವ ದೋಷವು ಪೆಟ್ಟಿಗಿಂತ ಸೂಕ್ಷ್ಮವಾದದ್ದು. ಕಾನೂನಿನ ಕೈಗೆ ಸಿಕ್ಕುವಂಥದ್ದಲ್ಲ. ಅದನ್ನು ಕಂಡವನು ಆಂಗ್ಲ ತತ್ತ್ವಜ್ಞನಾದ ಜಾನ್ ಲಾಕ್. ಶಿಕ್ಷಣವನ್ನು ಕುರಿತು 1693ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವನು, ಮಗುವನ್ನು ಹೊಗಳುವುದಾದರೆ ಇತರರೆದುರಿಗೆ ಹೊಗಳಬೇಕು, ಗದರಿಸುವುದಾದರೆ ಏಕಾಂತದಲ್ಲಿ, ಉದ್ವೇಗವಿಲ್ಲದೆ ಗದರಿಸಬೇಕು ಎಂದನು. ನಾವು ಮಾಡುವುದು ಸರಿಯಾಗಿ ಇದಕ್ಕೆ ತಿರುಗುಮುರುಗು. ಹೊಗಳಿದರೆ ದೃಷ್ಟಿ ತಾಕೀತೆಂದು ಹೊಗಳಿಕೆಯನ್ನು ಬಚ್ಚಿಡುತ್ತೇವೆ. ಬೈಗುಳನ್ನು ಮಾತ್ರ ಬಹಿರಂಗಪಡಿಸುತ್ತೇವೆ.

ಇಷ್ಟು ಹೇಳುವ ನಾವು ಈ ದೋಷಕ್ಕೆ ಹೊರತಾದವರೆಂದು ಕೇಳುಗರು ಭಾವಿಸಬಾರದು. ಕೆಲವು ವರ್ಷಗಳ ಹಿಂದೆ ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆಂದು ಆರು ವರ್ಷದ ಮಗಳನ್ನು ಕರೆದುಕೊಂಡು ಲಾಲ್‌ಬಾಗಿಗೆ ಹೋಗಿದ್ದೆವು. 1889ರಲ್ಲಿ ಅಡಿಗಲ್ಲು ಹಾಕಿದ ಆ ಗಾಜಿನ ಮನೆಯೊಳಗೆ ಪ್ರದರ್ಶನದ ದಿನಗಳಲ್ಲಿ ನಾವು ನಡೆಯುವುದಿಲ್ಲ. ಜನರೇ ನಮ್ಮನ್ನು ನೂಕಿಕೊಂಡು ಹೋಗುತ್ತಾರೆ. ಮಗಳು ಹಗ್ಗದ ಕೆಳಗಿನಿಂದ ಕೈ ಚಾಚಿ ಒಂದು ಸೇವಂತಿಗೆಯನ್ನು ಮುರಿದಳು. ಕಾವಲುಗಾರನು ಸೀಟಿ ಊದಿದನು. ಇಪ್ಪತ್ತು ಮುಖಗಳು ತಿರುಗಿದವು. ನಾವು ಅವಳ ಬೆನ್ನಿಗೆ ಒಂದು ಪೆಟ್ಟು ಕೊಟ್ಟೆವು. ಪೆಟ್ಟು ಬಲವಾದದ್ದಲ್ಲ, ಆದರೆ ಎಲ್ಲರಿಗೂ ಕೇಳಿಸುವಂತಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಈಗಿನ ಕಾಲದಲ್ಲಿ ಹೀಗೆ ತಿದ್ದೋರೇ ಕಡಮೆ" ಎಂದು ತಲೆಯಾಡಿಸಿದರು. ನಮಗೆ ಸಂತೋಷವಾಯಿತು. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾದರೂ ಒಪ್ಪಿಕೊಳ್ಳಲೇಬೇಕು. ಹೂವನ್ನು ಏಕೆ ಕೀಳಬಾರದೆಂಬುದನ್ನು ನಾವು ಅಂದೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ.

ಕೆಲವು ದಿನಗಳಲ್ಲಿ ಗೌರಿಯ ಹಬ್ಬ ಬಂದಿತು. ಬೆಳಗ್ಗೆ ಮಗಳು ಲಂಗದ ತುಂಬ ಕೆಂಪು ದಾಸವಾಳವನ್ನು ತಂದಳು. ನಮ್ಮ ಮನೆಯಲ್ಲಿ ದಾಸವಾಳದ ಗಿಡವಿಲ್ಲ, ಮೂಲೆಮನೆಯ ಕಾಂಪೌಂಡಿನಲ್ಲಿದೆ. ನಾವು ಏನನ್ನೂ ಕೇಳುವುದಕ್ಕೆ ಮೊದಲೇ ಅವಳು ಹತ್ತಿರ ಬಂದು ಮೆಲ್ಲನೆ, "ಯಾರೂ ನೋಡ್ಲಿಲ್ಲ ಅಪ್ಪ" ಎಂದಳು. ಅದರಲ್ಲಿ ಕಳ್ಳತನದ ಅಂಜಿಕೆ ಇರಲಿಲ್ಲ. ತಂದೆಗೆ ಈ ಸಲ ತೊಂದರೆಯಾಗದಂತೆ ನೋಡಿಕೊಂಡೆನೆಂಬ ಸಮಾಧಾನವಿತ್ತು. ನಾವು ಕೊಟ್ಟ ಪಾಠವನ್ನು ಅವಳು ಒಂದಕ್ಷರವೂ ಬಿಡದೆ ಕಲಿತಿದ್ದಳು. ಆ ಹೂವುಗಳನ್ನು ದೇವರಿಗೆ ಏರಿಸಬಹುದೋ ಬಾರದೋ ಎಂದು ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು; ಅದು ಇಲ್ಲಿ ಬೇಡ.

ಮರುವರ್ಷದ ಜನವರಿಯಲ್ಲಿ ಪುನಃ ಲಾಲ್‌ಬಾಗಿಗೆ ಹೋದೆವು. ಅದೇ ಗಾಜಿನ ಮನೆ, ಅದೇ ಹಗ್ಗ. ಮಗಳು ಹೂವುಗಳ ಮುಂದೆ ನಿಂತು ಮೊದಲು ಕಾವಲುಗಾರನನ್ನು ಹುಡುಕಿದಳು. ಅವನು ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದನು. ಆಮೇಲೆ ನಮ್ಮನ್ನು ನೋಡಿದಳು. ನಾವು ಅಲ್ಲಿಯೇ, ಸಾಲಿನ ಮಧ್ಯದಲ್ಲಿ, ಅವಳ ಕಿವಿಯ ಎತ್ತರಕ್ಕೆ ಕುಕ್ಕರಿಸಿ ಕುಳಿತು, ಇವನ್ನು ಬೆಳೆಸಿದವರ ಮಾತನ್ನೂ, ನಮ್ಮ ಹಿಂದೆ ಇನ್ನೂ ನೋಡಬೇಕಾದವರ ಮಾತನ್ನೂ ಅವಳಿಗಷ್ಟೇ ಕೇಳುವಂತೆ ಹೇಳಿದೆವು. "ಮುಂದೆ ನಡೀರಿ ಸಾರ್" ಎಂದು ಯಾರೋ ನೂಕಿದರು. "ಹಿಂದಿರೋರೆಲ್ಲ ನೋಡೋವರೆಗೂ ಹೂವು ಬಾಡಲ್ವಾ?" ಎಂದಳು. ಬಾಡಿದರೆ ಬೇರೆ ಕುಂಡ ತಂದಿಡುತ್ತಾರೆ ಎಂದೆವು. ಅವಳು ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಬಾಗಿಲು ದಾಟುವವರೆಗೂ ಹಾಗೆಯೇ ನಡೆದಳು. ಅದು ಹೂವಿಗಾಗಿಯೋ, ನಮಗಾಗಿಯೋ, ಕಾವಲುಗಾರನಿಗಾಗಿಯೋ ನಾವು ಕೇಳಲಿಲ್ಲ.