ದೋರನಹಳ್ಳಿಯ ಹೊಲ



ಕೃಷ್ಣರಾಜನಗರ ತಾಲ್ಲೂಕಿನ ದೋರನಹಳ್ಳಿಯ ಕಥೆ ಒಬ್ಬ ರೈತನ ನೇಗಿಲಿನಿಂದ ತೊಡಗುತ್ತದೆ. ಉಳುವಾಗ ಮಣ್ಣಿನಲ್ಲಿ ದೊರೆತ ಸಂತ ಅಂತೋಣಿಯವರ ಸ್ವರೂಪವನ್ನು ಆತನು ಬೊಂಬೆಯೆಂದೆಣಿಸಿ ಮಕ್ಕಳ ಕೈಗಿತ್ತನೆಂದೂ, ಮನೆಗೆ ಕಷ್ಟಗಳು ಮುತ್ತಲು, ಕನಸಿನಲ್ಲಿ ಸಂತರ ಅಪ್ಪಣೆಯಾಗಿ ಪುಟ್ಟ ಗುಡಿಯೆದ್ದಿತೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ. ಬಂದವರು ಯಾರೆಂದರಿಯದವನೇ ಮೊದಲ ಗುಡಿಗೆ ಕಾರಣನಾದನು. ಇದನ್ನು ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ಇಂದಿಗೂ ಜೂನ್ 13ರ ಹಬ್ಬಕ್ಕೆ ಎಲ್ಲ ಮತದವರೂ ಹರಕೆ ಹೊತ್ತು ಬರುತ್ತಾರೆ. ಊರಿನ ಒಕ್ಕಲುಗಳಿಗಂತೂ ಅದು ಮುಂಗಾರಿನ ಹೊತ್ತು. ಮಳೆ ಬಂದರೆ ಹೊಲ ಕಾಯುವುದಿಲ್ಲ! 2019ರಲ್ಲಿ ದೇವಾಲಯವು ಬಸಿಲಿಕಾ ಪದವಿಯನ್ನು ಪಡೆಯಿತು. ಆ ದಾಖಲೆ ಕಡತದಲ್ಲಿ ಭದ್ರವಾಗಿದೆ. ರೈತನ ಕಥೆಯಾದರೋ ಮುದುಕರ ನಾಲಗೆಯ ಮೇಲಿದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ನಮ್ಮ ಹಳ್ಳಿಗಳಲ್ಲಿಯೂ ಇಂತಹ ಹಿರಿಯರಿದ್ದಾರೆ. ಈ ಶತಮಾನೋತ್ಸವದ ವರ್ಷದಲ್ಲಿಯೇ ಅವರ ಜಗಲಿಯಲ್ಲಿ ಕುಳಿತು ಕೇಳಿ ಬರೆದಿಟ್ಟುಕೊಳ್ಳೋಣ.