ಟ್ರ್ಯಾಕ್ಟರ್ ಕೊಳ್ಳುವ ಮುನ್ನ

ರೈತ ಬಾಂಧವರೇ, ಯಾವ ಕಂಪನಿಯ ಟ್ರ್ಯಾಕ್ಟರ್ ಒಳ್ಳೆಯದೆಂದು ಕೇಳುವ ಮೊದಲು ನಿಮ್ಮ ಹೊಲ ಎಂಥದೆಂದು ನೋಡಿಕೊಳ್ಳಿರಿ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಮಾನ್ವಿಯ ನೆಲ್ಲಿನ ಗದ್ದೆಯಲ್ಲಿ ಭಾರವೇ ವೈರಿ. ಗಾಲಿ ಹೂತರೆ ಎಂಜಿನ್ನಿನ ಬಲ ನಿಷ್ಫಲ. ಅಲ್ಲಿ ಕುಬೋಟದ ಎಲ್ ಮಾದರಿಯಂಥ, ನಾಲ್ಕು ಗಾಲಿಗೂ ಎಳೆತವುಳ್ಳ ಹಗುರ ಯಂತ್ರ ಸಲೀಸಾಗಿ ತಿರುಗುತ್ತದೆ. ದೇವದುರ್ಗದ ಮಳೆಯಾಶ್ರಿತ ಎರೆ ಹೊಲದಲ್ಲಿ ಆಳವಾಗಿ ಉಳುವಾಗ ಹಗುರವೇ ದೋಷ. ಗಾಲಿ ಜಾರೀತು. ಅಲ್ಲಿ ಮಹೀಂದ್ರ, ಸ್ವರಾಜ್‌ಗಳ ತೂಕದ ಮಾದರಿಗಳು ನೆಲ ಹಿಡಿಯುತ್ತವೆ. ಇವೆರಡರಲ್ಲಿ ಬಣ್ಣದ ವಾದ ಬೇಡ; 2007ರಲ್ಲಿ ಸ್ವರಾಜ್ ಮಹೀಂದ್ರದವರ ಕೈಸೇರಿತು.

ಇನ್ನು ಬಲದ ಮಾತು. ಜಾಹೀರಾತಿನ ಅಶ್ವಶಕ್ತಿ ಎಂಜಿನ್ನಿನದು. ರೋಟವೇಟರನ್ನು ತಿರುಗಿಸುವ ಪಿ.ಟಿ.ಓ.ಗೆ ತಲುಪುವುದು ಅದಕ್ಕಿಂತ ಕಡಿಮೆ. ಇದನ್ನು ಮಧ್ಯಪ್ರದೇಶದ ಬುದ್ನಿಯ ಕೇಂದ್ರ ಸರ್ಕಾರದ ಸಂಸ್ಥೆ ಅಳೆದು ವರದಿ ಕೊಡುತ್ತದೆ. ಎಳೆಯುವ ಶಕ್ತಿ, ತಿರುಗಲು ಬೇಕಾದ ಜಾಗ, ಡೀಸೆಲ್ ಖರ್ಚು, ಪರೀಕ್ಷೆಯಲ್ಲಿ ಕಂಡ ದೋಷ ಎಲ್ಲವೂ ಅದರಲ್ಲುಂಟು. ಮಾರುವವರಿಂದ ಅದನ್ನು ಕೇಳಿ ಪಡೆಯಿರಿ.

ಕಡೆಯದಾಗಿ ನಂಬಿಕೆ. ಬಿಡಿಭಾಗವೂ ಬಲ್ಲ ಮೆಕ್ಯಾನಿಕ್ಕೂ ರಾಯಚೂರಿನಲ್ಲಿ ಅಂದಂದೇ ಸಿಗುವ ಯಂತ್ರವನ್ನೇ ಆರಿಸಿರಿ. ನಾಟಿಯ ವಾರದಲ್ಲಿ ಯಂತ್ರ ನಿಂತರೆ ಕಾಲುವೆಯ ನೀರು ಕಾಯದು, ಸಾಲದ ಕಂತೂ ಕಾಯದು.